ಎರಡು ಸಲ ಊರು ಬಿಟ್ಟವರ ಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಓದುವ ಗುಂಪಿನಲ್ಲಿ ಎರಡು ವರ್ಷದಿಂದ ಇಂಡೋ-ಕೆರಿಬಿಯನ್ ಕಥೆ, ಕಾದಂಬರಿಗಳನ್ನು ಓದುತ್ತಿದ್ದೇವೆ. ಹೊಸಬರು ಬಂದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅನ್ನಿಸಿತು. ನಾನು ಕೆಲವು ವರ್ಷ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಗಯಾನಾ (ದಕ್ಷಿಣ ಅಮೆರಿಕದ ಉತ್ತರ ತೀರದ ದೇಶ) ಮೂಲದವರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಹಾಗಾಗಿ ಕೆಲವು ಉತ್ತರಗಳಲ್ಲಿ ಆ ಮನೆಯೂ ಬರುತ್ತದೆ.

ಇಂಡೋ-ಕೆರಿಬಿಯನ್ ಅಂದರೆ ಯಾರು?

ಕ್ರಿಕೆಟ್ ನೋಡುವವರಿಗೆ ಇವರು ಆಗಲೇ ಗೊತ್ತು. ರೋಹನ್ ಕನ್ಹಾಯ್, ಆಲ್ವಿನ್ ಕಾಳಿಚರಣ್, ಶಿವನಾರಾಯಣ್ ಚಂದರ್‌ಪಾಲ್, ಸುನಿಲ್ ನರೈನ್. ಬೆಂಗಳೂರಿನ ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರ್‌ನಲ್ಲಿ. ಅದರಲ್ಲಿ ಕಾಳಿಚರಣ್ 124 ರನ್ ಹೊಡೆದರು. ರೇಡಿಯೋದಲ್ಲಿ ಕಾಮೆಂಟರಿ ಕೇಳುತ್ತಿದ್ದ ನಮ್ಮ ತಂದೆಯ ಕಾಲದವರಿಗೆಲ್ಲ ಒಂದೇ ಪ್ರಶ್ನೆ: ವೆಸ್ಟ್ ಇಂಡೀಸ್ ಟೀಮಿಗೆ ಕಾಳಿಚರಣ ಎಲ್ಲಿಂದ ಬಂದ?

ಉತ್ತರ ಕಬ್ಬಿನ ಗದ್ದೆಯಲ್ಲಿದೆ. ಬ್ರಿಟಿಷರು 1834ರಲ್ಲಿ ಗುಲಾಮಗಿರಿ ನಿಲ್ಲಿಸಿದರು. 1838ರ ಹೊತ್ತಿಗೆ ಆಫ್ರಿಕಾ ಮೂಲದ ಕೆಲಸಗಾರರು ಪೂರ್ತಿ ಬಿಡುಗಡೆಯಾದರು. ಸಕ್ಕರೆ ತೋಟದ ಮಾಲೀಕರಿಗೆ ಕಡಿಮೆ ದುಡ್ಡಿಗೆ ದುಡಿಯುವ ಜನ ಬೇಕಿತ್ತು. ಅವರು ಕಲ್ಕತ್ತೆಯ ಕಡೆ ನೋಡಿದರು. 1838ರ ಮೇ 5ರಂದು ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಎಂಬ ಹಡಗುಗಳಿಂದ ಮೊದಲ ಭಾರತೀಯರು ಬ್ರಿಟಿಷ್ ಗಯಾನಾದಲ್ಲಿ ಇಳಿದರು. ಟ್ರಿನಿಡಾಡ್‌ಗೆ 1845ರ ಮೇ 30ರಂದು ‘ಫಾತೆಲ್ ರಜಾಕ್’ ಹಡಗು ಬಂತು. ಡಚ್ಚರ ಸುರಿನಾಮ್‌ಗೆ 1873ರಲ್ಲಿ ‘ಲಲ್ಲಾ ರೂಖ್’ ಬಂತು. ಐದು ವರ್ಷದ ಕರಾರು, ಹೆಬ್ಬೆಟ್ಟಿನ ಗುರುತು, ತಿಂಗಳುಗಟ್ಟಲೆ ಸಮುದ್ರ. 1917ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಗಯಾನಾಕ್ಕೆ ಸುಮಾರು 2,39,000, ಟ್ರಿನಿಡಾಡ್‌ಗೆ ಸುಮಾರು 1,44,000, ಸುರಿನಾಮ್‌ಗೆ ಸುಮಾರು 34,000 ಜನ ಹೋಗಿಯಾಗಿತ್ತು. ಹೆಚ್ಚಿನವರು ಭೋಜಪುರಿ ಮಾತಾಡುವ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮದ್ರಾಸ್ ಬಂದರಿನಿಂದ ಹೋದವರೂ ಇದ್ದರು. ಗಯಾನಾದಲ್ಲಿ ಮಾರಿಯಮ್ಮನ ಪೂಜೆ ಇವತ್ತಿಗೂ ಉಳಿದಿರುವುದು ಅವರಿಂದ.

ಬಹುಪಾಲು ಜನ ವಾಪಸ್ ಬರಲಿಲ್ಲ. ಅವರ ಮರಿಮಕ್ಕಳೇ ಈ ಕಥೆಗಳ ಜನ.

ಹಾಗಾದರೆ ‘ವಲಸೆಗಾರರ ಕಥೆ’ ಅಂತ ಯಾಕೆ ಹೇಳುತ್ತೀರಿ? ಅದು ನೂರೈವತ್ತು ವರ್ಷದ ಹಿಂದಿನ ಮಾತಲ್ವಾ?

ಮೊದಲ ವಲಸೆ ಹಳೆಯದು. ಆಮೇಲೆ ಎರಡನೆಯದೂ ನಡೆಯಿತು.

1950ರ ದಶಕದಲ್ಲಿ ಲಂಡನ್‌ಗೆ ಹೋದರು. 1965ರಲ್ಲಿ ಅಮೆರಿಕ, 1967ರಲ್ಲಿ ಕೆನಡಾ ವಲಸೆ ಕಾನೂನು ಬದಲಿಸಿದ ಮೇಲೆ ಕ್ವೀನ್ಸ್‌ಗೂ ಟೊರಾಂಟೊಗೂ ಹೋದರು. 1975ರ ನವೆಂಬರ್ 25ಕ್ಕೆ ಸುರಿನಾಮ್ ಸ್ವತಂತ್ರವಾಯಿತು. ಆಸುಪಾಸಿನ ವರ್ಷಗಳಲ್ಲಿ ಅಲ್ಲಿನ ಹಿಂದೂಸ್ತಾನಿಗಳು ದೊಡ್ಡ ಸಂಖ್ಯೆಯಲ್ಲಿ ನೆದರ್‌ಲ್ಯಾಂಡ್ಸ್‌ಗೆ ಹೊರಟರು. ಇವತ್ತು ಹೇಗ್ ನಗರದಲ್ಲಿ ಅವರ ದೇವಸ್ಥಾನ, ಅಂಗಡಿ, ಮದುವೆ ಛತ್ರ ಎಲ್ಲ ಇವೆ.

ಮುತ್ತಜ್ಜಿ ಭಾರತ ಬಿಟ್ಟಳು, ಮೊಮ್ಮಗಳು ಗಯಾನಾ ಬಿಟ್ಟಳು. ಕಥೆಗಳು ಹುಟ್ಟುವುದು ಈ ಎರಡು ಬಿಡುವಿಕೆಗಳ ನಡುವೆ.

ಅವರು ಊರು ಅನ್ನುವುದು ಯಾವುದನ್ನು? ಭಾರತವನ್ನೇ ಅಲ್ವಾ?

ಅಲ್ಲ. ನಾವು ಓದುವಾಗ ಜಾಸ್ತಿ ಎಡವುವುದು ಇಲ್ಲೇ.

ನಾನು ಬಾಡಿಗೆ ಕೇಳಲು ಹೋದ ದಿನ ಓನರ್ ಆಂಟಿ ಚಹಾ ಕೊಟ್ಟು, ‘ಬೇಟಿ, ನಿನ್ನ ಊರು ಯಾವುದು?’ ಅಂತ ಕೇಳಿದರು. ತೀರ್ಥಹಳ್ಳಿ ಅಂದೆ. ಮಳೆ ಬರುತ್ತಾ, ಹೊಳೆ ಇದೆಯಾ ಅಂತ ವಿಚಾರಿಸಿದರು. ಆಮೇಲೆ ನಾನು, ‘ನಿಮ್ಮದು ಬಿಹಾರದ ಯಾವ ಕಡೆ?’ ಅಂತ ಕೇಳಿಬಿಟ್ಟೆ. ಅವರಿಗೆ ಬೇಜಾರಾಯಿತು. ‘ನನ್ನ ಊರು ಪೋರ್ಟ್ ಮೌರಾಂಟ್’ ಅಂದರು. ಬರ್ಬೀಸ್ ಸೀಮೆಯ ಕಬ್ಬಿನ ಊರು ಅದು. ಕನ್ಹಾಯ್ ಹುಟ್ಟಿದ್ದೂ ಅಲ್ಲೇ. ಆಮೇಲೆ ಒಂದು ಗಂಟೆ ಆ ಊರಿನ ಮಾವಿನ ಮರ, ಕಾಲುವೆ, ಮಳೆ ಬಂದರೆ ಅಂಗಳಕ್ಕೆ ನುಗ್ಗುವ ನೀರು, ಇದನ್ನೇ ಹೇಳಿದರು.

ನಮ್ಮಲ್ಲಿ ಯಾರನ್ನೇ ಕಂಡರೂ ಮೊದಲು ಕೇಳುವುದು ಊರನ್ನೇ. ಈ ಕಥೆಗಳ ಜನರಿಗೆ ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಅಮೆರಿಕದವನು ಕೇಳಿದರೆ ಗಯಾನಾ ಅನ್ನಬೇಕು, ಅದು ಆಫ್ರಿಕಾದಲ್ಲಿದೆಯಾ ಅಂತ ಅವನು ಮತ್ತೆ ಕೇಳುತ್ತಾನೆ. ಭಾರತದವರು ಕೇಳಿದರೆ ನೂರೈವತ್ತು ವರ್ಷದ ಕಥೆ ಹೇಳಬೇಕು. ಆದರೆ ಅವರ ನೆನಪು ಎಳೆಯುವುದು ಬರ್ಬೀಸಿನ ಕಡೆಗೆ, ಟ್ರಿನಿಡಾಡಿನ ಚಗ್ವಾನಾಸ್ ಕಡೆಗೆ, ಸುರಿನಾಮಿನ ಪಾರಾಮಾರಿಬೋ ಕಡೆಗೆ. ಅವರನ್ನು ‘ಕಳೆದುಹೋದ ಭಾರತೀಯರು’ ಅಂತ ಓದಿದರೆ ಕಥೆಯ ಹೊಟ್ಟೆಯೊಳಗಿನ ಸಂಕಟವೇ ನಮಗೆ ತಪ್ಪಿಹೋಗುತ್ತದೆ.

ದಿನನಿತ್ಯದ ಬದುಕಿನ ಕಥೆ ಅಂದರೆ ಅದರಲ್ಲಿ ಏನಿರುತ್ತೆ?

ಬ್ಯಾರಲ್ ಇರುತ್ತೆ. ಎದೆಮಟ್ಟ ಎತ್ತರದ ಡ್ರಮ್ಮು. ಹಾಲ್‌ನ ಮೂಲೆಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಸಂಬಳ ಬಂದಾಗಲೆಲ್ಲ ಅದಕ್ಕೆ ಒಂದಿಷ್ಟು ಬೀಳುತ್ತದೆ: ಎಣ್ಣೆ, ಸೋಪು, ಹಾಲಿನ ಪುಡಿ, ಮಕ್ಕಳ ಶೂ, ಟವೆಲ್, ಯಾರೋ ಕೊಟ್ಟ ಜಾಕೆಟ್. ತುಂಬಿದ ಮೇಲೆ ಹಡಗಿನಲ್ಲಿ ಊರಿಗೆ ಹೋಗುತ್ತದೆ, ಕ್ರಿಸ್‌ಮಸ್‌ಗೆ ಮುಂಚೆ ತಲುಪಬೇಕು. ಯಾರ ಹೆಸರಲ್ಲಿ ಕಳಿಸೋದು, ಅಕ್ಕನಿಗೆ ಎಷ್ಟು, ಅತ್ತಿಗೆಗೆ ಎಷ್ಟು, ಬರೀ ಕೇಳುವುದಕ್ಕೇ ಫೋನ್ ಮಾಡುವ ತಮ್ಮನಿಗೆ ಏನು? ಒಂದು ಬ್ಯಾರಲ್ ಇಟ್ಟುಕೊಂಡು ಇಡೀ ಕುಟುಂಬದ ಜಗಳ ಬರೆಯಬಹುದು. ಬರೆದವರೂ ಇದ್ದಾರೆ.

ಝಂಡಿ ಇರುತ್ತೆ. ಮನೆಯಲ್ಲಿ ಪೂಜೆ ಆದಮೇಲೆ ಅಂಗಳದಲ್ಲಿ ಬಿದಿರಿನ ಗಳಕ್ಕೆ ಕೆಂಪು, ಹಳದಿ ಬಾವುಟ ಕಟ್ಟಿ ನೆಡುತ್ತಾರೆ. ಗಯಾನಾ, ಟ್ರಿನಿಡಾಡಿನಲ್ಲಿ ಬಾವುಟ ನೋಡಿಯೇ ಇದು ಹಿಂದೂ ಮನೆ ಅಂತ ಹೇಳಬಹುದು. ಕ್ವೀನ್ಸ್‌ನಲ್ಲಿ ಅಂಗಳ ನಾಲ್ಕಡಿ. ಅಲ್ಲೂ ನೆಡುತ್ತಾರೆ. ಹಿಮ ಬಿದ್ದಾಗ ಆ ಬಾವುಟ ಗಟ್ಟಿಯಾಗಿ ರಟ್ಟಿನ ಹಾಗೆ ನಿಂತಿರುತ್ತಿತ್ತು. ನಾನು ಅದನ್ನು ಮರೆಯುವ ಹಾಗಿಲ್ಲ.

ಇನ್ನು ವಯಸ್ಸಾದವರನ್ನು ನೋಡಿಕೊಳ್ಳಲು ನೈಟ್ ಶಿಫ್ಟ್‌ಗೆ ಹೋಗುವ ಹೆಂಗಸರು. ಬಾಡಿಗೆಗೆ ಕೊಟ್ಟ ಬೇಸ್‌ಮೆಂಟ್. ಕಾಗದಪತ್ರ ಸರಿಯಿಲ್ಲದ ಸೋದರಳಿಯ. ಸತ್ತವರ ಮನೆಯಲ್ಲಿ ರಾತ್ರಿಯಿಡೀ ಎಚ್ಚರ ಕೂತು ಇಸ್ಪೀಟು, ಕಾಫಿ, ಭಜನೆ. ರಮ್. ಮದುವೆಯ ಹಿಂದಿನ ಶುಕ್ರವಾರ ಹೆಂಗಸರೇ ಸೇರಿ ಮಣ್ಣು ಅಗೆದು ಪೂಜೆ ಮಾಡಿ, ಗಂಡಸರ ಮುಂದೆ ಹೇಳಲಾಗದ ಹಾಡು ಹೇಳಿ ಕುಣಿಯುವ ಮಟಿಕೋರ್. ಆ ಹಾಡು, ಆ ಢೋಲಕ್‌ನಿಂದಲೇ ಮುಂದೆ ‘ಚಟ್ನಿ’ ಅನ್ನುವ ಸಂಗೀತ ಬೆಳೆಯಿತು.

ದೊಡ್ಡ ಘಟನೆಗಳು ಕಡಿಮೆ. ಯಾರೋ ಮನೆ ಕೊಳ್ಳುತ್ತಾರೆ, ಯಾರೋ ಮಾತು ಬಿಡುತ್ತಾರೆ.

ಲೈನ್ ಮನೆಗೂ ಇದಕ್ಕೂ ಸಂಬಂಧ ಇದೆಯಾ? ನಮ್ಮ ಕಡೆ ಕಾಫಿ ತೋಟದಲ್ಲಿ ಹಾಗೇ ಇತ್ತು.

ಕೊಡಗು, ಚಿಕ್ಕಮಗಳೂರಿನವರು ಇದನ್ನು ತಪ್ಪದೆ ಕೇಳುತ್ತಾರೆ, ಕೇಳಬೇಕಾದದ್ದೇ. ನೇರ ಸಂಬಂಧ ಇಲ್ಲ, ಆದರೆ ಚಿತ್ರ ಕಣ್ಣಿಗೆ ಕಟ್ಟಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗಯಾನಾದಲ್ಲಿ ಅವುಗಳಿಗೆ ‘ಲೋಜಿ’ ಅನ್ನುತ್ತಾರೆ, ಟ್ರಿನಿಡಾಡಿನಲ್ಲಿ ‘ಬ್ಯಾರಕ್’. ಉದ್ದನೆಯ ಒಂದು ಕಟ್ಟಡ, ಸಾಲಾಗಿ ಕೋಣೆಗಳು, ಕುಟುಂಬಕ್ಕೆ ಒಂದು. ನಡುವಿನ ಅಡ್ಡಗೋಡೆ ಮಾಡಿನ ತನಕ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಜಗಳ, ಅಳು, ಕೆಮ್ಮು ಎಲ್ಲ ಕೇಳುತ್ತಿತ್ತು. ಕಾದಂಬರಿಗಳಲ್ಲಿ ಸ್ವಂತ ಮನೆಯ ಆಸೆ ಯಾಕೆ ಅಷ್ಟು ಹುಚ್ಚಿನ ಹಾಗೆ ಬರುತ್ತದೆ ಅಂತ ಈ ಗೋಡೆ ನೆನಪಿಟ್ಟುಕೊಂಡರೆ ಅರ್ಥವಾಗುತ್ತದೆ.

ಹೆಸರುಗಳು ಯಾಕೆ ವಿಚಿತ್ರವಾಗಿವೆ?

ಕಿವಿಗೆ ಬಿದ್ದ ಹಾಗೆ ಗುಮಾಸ್ತರು ಇಂಗ್ಲಿಷಿನಲ್ಲಿ ಬರೆದುಕೊಂಡರು. ಪ್ರಸಾದ್ ಹೋಗಿ ‘ಪರ್ಸಾಡ್’, ನಾರಾಯಣ್ ಹೋಗಿ ‘ನರೈನ್’. ಬಂದವರಿಗೆ ಒಂದೇ ಹೆಸರಿತ್ತು, ಅದೇ ಮಕ್ಕಳಿಗೆ ಮನೆತನದ ಹೆಸರಾಯಿತು. ಹೆಸರಿನ ಹಿಂದೆ ಅಪ್ಪನ ಜಾತಿ ಹುಡುಕಲು ಹೋಗಬೇಡಿ. ಹಡಗಿನಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ವಾಂತಿ ಮಾಡಿಕೊಂಡು ಬಂದವರು ‘ಜಹಾಜಿ ಭಾಯ್’ ಆದರು. ಎಷ್ಟೋ ಕುಟುಂಬಗಳಲ್ಲಿ ಆ ನಂಟು ರಕ್ತಸಂಬಂಧದಷ್ಟೇ ಗಟ್ಟಿ.

ಪಾತ್ರಗಳು ಯಾವ ಭಾಷೆ ಮಾತಾಡುತ್ತವೆ? ಹಿಂದಿನಾ?

ಗಯಾನಾ, ಟ್ರಿನಿಡಾಡಿನವರು ಕ್ರಿಯೋಲ್ ಇಂಗ್ಲಿಷ್, ಅಂದರೆ ಬೇರೆ ಭಾಷೆಗಳು ಬೆರೆತು ಬೆಳೆದ ಅಲ್ಲಿನ ಆಡುಮಾತು. ಸುರಿನಾಮಿನವರು ಡಚ್, ಜೊತೆಗೆ ಭೋಜಪುರಿಯಿಂದ ಬೆಳೆದ ಸರ್ನಾಮಿ. ಗಯಾನಾ, ಟ್ರಿನಿಡಾಡಿನಲ್ಲಿ ಭೋಜಪುರಿ ಮನೆಮಾತಾಗಿ ಹೆಚ್ಚು ಕಡಿಮೆ ಮುಗಿದುಹೋಯಿತು. ಆದರೆ ಅಡುಗೆಮನೆಯಲ್ಲಿ, ದೇವರ ಮುಂದೆ, ಸಂಬಂಧ ಕರೆಯುವಾಗ ಪದಗಳು ಉಳಿದವು.

ತವಾ, ಬೇಲ್ನಾ, ಕಢಾಯಿ ಹಾಗೇ ಇವೆ. ಬೇಳೆಗೆ ಒಗ್ಗರಣೆ ಹಾಕು ಅನ್ನುವುದಕ್ಕೆ ಇಂಗ್ಲಿಷ್ ವಾಕ್ಯದ ನಡುವೆಯೇ ‘ಚೌಂಕೇ ದ ದಾಲ್’ ಅನ್ನುತ್ತಾರೆ. ಮಗುವಿಗೆ ದೃಷ್ಟಿ ತಗುಲಿದರೆ ಟ್ರಿನಿಡಾಡಿನಲ್ಲಿ ‘ಮಾಲ್‌ಜೋ’, ಅದು ಸ್ಪ್ಯಾನಿಷ್ ಕಡೆಯ ಪದ. ಅದನ್ನು ತೆಗೆಯುವುದು ಮಾತ್ರ ‘ಝಾರೇ’, ಅದು ನಮ್ಮ ಕಡೆಯದು. ಕಾಯಿಲೆ ಒಂದು ಭಾಷೆಯಲ್ಲಿ, ಮದ್ದು ಇನ್ನೊಂದರಲ್ಲಿ! ಅಪ್ಪನ ತಾಯಿ ‘ಆಜೀ’, ಅಪ್ಪನ ತಂದೆ ‘ಆಜಾ’. ನಮ್ಮ ಅಜ್ಜಿ, ಅಜ್ಜನಿಗೆ ಎಷ್ಟು ಹತ್ತಿರ ಅಲ್ವಾ. ಓನರ್ ಆಂಟಿಯ ಮೊಮ್ಮಗ ಮೆಟ್ಟಿಲ ಮೇಲಿಂದ ‘ಆಜೀ!’ ಅಂತ ಕೂಗಿದಾಗಲೆಲ್ಲ ನಾನು ಕೆಳಗೆ ತಲೆ ಎತ್ತುತ್ತಿದ್ದೆ.

ಇಂಥ ಭಾಷೆಯನ್ನು ಕನ್ನಡಕ್ಕೆ ತರುವುದು ಹೇಗೆ?

ನಾವು ಎರಡು ಕಥೆ ಪ್ರಯತ್ನಿಸಿದೆವು. ಮೊದಲನೆಯದರಲ್ಲಿ ಪಾತ್ರಗಳಿಗೆ ಧಾರವಾಡದ ಮಾತು ಕೊಟ್ಟೆವು. ಓದುತ್ತಾ ಹೋದ ಹಾಗೆ ಟ್ರಿನಿಡಾಡ್ ಮಾಯವಾಗಿ ಧಾರವಾಡವೇ ಕಾಣತೊಡಗಿತು. ಎರಡನೆಯದರಲ್ಲಿ ಸಾದಾ ಆಡುಮಾತು ಇಟ್ಟು, ಭೋಜಪುರಿ ಪದಗಳನ್ನು ಮುಟ್ಟದೆ ಬಿಟ್ಟೆವು. ಅದು ಎಷ್ಟೋ ವಾಸಿ. ಪುಸ್ತಕದ ಕನ್ನಡವಂತೂ ಬೇಡವೇ ಬೇಡ. ಟ್ರಿನಿಡಾಡಿನ ಸ್ಯಾಮ್ಯುಯೆಲ್ ಸೆಲ್ವನ್ ತಮ್ಮ 1956ರ ಲಂಡನ್ ಕಾದಂಬರಿಯನ್ನು ಮೊದಲು ಶುದ್ಧ ಇಂಗ್ಲಿಷಿನಲ್ಲಿ ಬರೆಯಲು ಹೋಗಿ, ಅದು ಓಡದೆ, ಕ್ರಿಯೋಲ್‌ಗೆ ಬದಲಿಸಿದ ಮೇಲೆಯೇ ಬರೆಯಲು ಸಾಧ್ಯವಾಯಿತು. ಅಲ್ಲಿ ನಿರೂಪಣೆಯೂ ಪಾತ್ರಗಳ ಬಾಯಿಮಾತಿನಲ್ಲೇ ಸಾಗುತ್ತದೆ.

‘ಕೂಲಿ’ ಅನ್ನುವ ಪದ ಬಂದಾಗ ಯಾಕೆ ಅಷ್ಟು ಸಿಟ್ಟು?

ನಮಗೆ ಕೂಲಿ ಅಂದರೆ ದಿನದ ದುಡಿಮೆ. ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸಿದೆ ಅಂತ ತಾಯಂದಿರು ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿ ಅದು ಬೈಗುಳ. ಭಾರತ ಮೂಲದವರು ಶಾಲೆಯಲ್ಲಿ, ಬೀದಿಯಲ್ಲಿ ಕೇಳಿಸಿಕೊಂಡ ಬೈಗುಳ. ಡಾಕ್ಟರಾಗಲಿ, ವಕೀಲರಾಗಲಿ, ಆ ಒಂದು ಪದ ಸಾಕು, ಮುತ್ತಜ್ಜನ ಕರಾರುಪತ್ರ ನೆನಪಿಸಲು. ಈಗ ಕೆಲವು ಲೇಖಕರು ಬೇಕೆಂದೇ ಅದನ್ನು ತಮ್ಮ ಹೆಸರಾಗಿ ಎತ್ತಿಕೊಂಡಿದ್ದಾರೆ.

ಕನ್ನಡದಲ್ಲಿ ಓದುವಾಗ ಈ ಪದದ ಚುಚ್ಚು ನಮಗೆ ತಟ್ಟುವುದಿಲ್ಲ, ಅದೇ ಕಷ್ಟ. ಅನುವಾದದಲ್ಲಿ ಪದ ಹಾಗೇ ಇರಲಿ, ಆದರೆ ಕೇಳಿಸಿಕೊಂಡವನ ಮುಖ ಏನಾಯಿತು ಅನ್ನುವ ಸಾಲನ್ನು ಎಂದೂ ಕತ್ತರಿಸಬಾರದು ಅಂತ ನನ್ನ ಅಭಿಪ್ರಾಯ.

ಊಟದ ವರ್ಣನೆ ಇಷ್ಟೊಂದು ಯಾಕೆ?

ಧಾಲ್‌ಪುರಿ ಗೊತ್ತಾದರೆ ಉತ್ತರ ಅರ್ಧ ಸಿಕ್ಕ ಹಾಗೆ. ಹೂರಣಕ್ಕೆ ಬೆಲ್ಲದ ಬದಲು ಉಪ್ಪು, ಜೀರಿಗೆ ಹಾಕಿದ ಹೋಳಿಗೆ ಅಂದುಕೊಳ್ಳಿ. ಒಳಗೆ ಬಟಾಣಿ ಬೇಳೆಯ ಪುಡಿ. ಅದರಲ್ಲಿ ಕೋಳಿ ಸಾರು ಸುತ್ತಿ ತಿನ್ನುತ್ತಾರೆ. ಎರಡು ಮೆತ್ತನೆಯ ಬಡಾ (ಎಣ್ಣೆಯಲ್ಲಿ ಕರಿದ ತೆಳ್ಳನೆಯ ರೊಟ್ಟಿ) ನಡುವೆ ಕಡಲೆ ಇಟ್ಟರೆ ‘ಡಬಲ್ಸ್’, ಟ್ರಿನಿಡಾಡಿನ ಬೆಳಗಿನ ತಿಂಡಿ. ಸೊಪ್ಪಿಗೆ ಅವರು ‘ಭಾಜಿ’ ಅನ್ನುತ್ತಾರೆ, ನುಗ್ಗೆಗೆ ‘ಸೈಜನ್’.

1980ರ ದಶಕದ ಆರಂಭದಲ್ಲಿ ಗಯಾನಾದ ಬರ್ನಮ್ ಸರ್ಕಾರ ಗೋಧಿ ಹಿಟ್ಟಿನ ಆಮದು ನಿಲ್ಲಿಸಿತು. ರೊಟ್ಟಿ ತಿನ್ನುವ ಮನೆಗಳಿಗೆ ಅದು ನೇರ ಹೊಟ್ಟೆಗೇ ಬಿದ್ದ ಏಟು. ಅಕ್ಕಿಹಿಟ್ಟಿನಲ್ಲಿ ಹೇಗೋ ತಟ್ಟಿದರು. ಕದ್ದುಮುಚ್ಚಿ ತಂದ ಹಿಟ್ಟನ್ನು ಮಂಚದ ಕೆಳಗೆ ಇಟ್ಟರು. ಆ ಕಾಲದಲ್ಲೇ ದೇಶ ಬಿಟ್ಟವರು ಬಹಳ. ಆದ್ದರಿಂದ ಕಥೆಯಲ್ಲಿ ಒಬ್ಬಳು ಅಜ್ಜಿ ಕ್ವೀನ್ಸ್‌ನ ಅಡುಗೆಮನೆಯಲ್ಲಿ ಮೂರು ಚೀಲ ಹಿಟ್ಟು ಕೂಡಿಟ್ಟಿದ್ದರೆ, ಅವಳು ಜಿಪುಣಿ ಅಂದುಕೊಳ್ಳಬೇಡಿ.

ಆಫ್ರಿಕಾ ಮೂಲದವರ ಜೊತೆ ಸಂಬಂಧ ಹೇಗಿದೆ?

ಬಹಳ ಹತ್ತಿರ, ಬಹಳ ನೋವು. ಗಯಾನಾದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಎರಡು ಸಮುದಾಯಗಳ ನಡುವೆ ರಕ್ತ ಹರಿಯಿತು. ರಾಜಕೀಯ ಪಕ್ಷಗಳು ಇಂದಿಗೂ ಆ ಗೆರೆಯ ಮೇಲೆಯೇ ನಿಂತಿವೆ. ಎರಡೂ ಕಡೆಯ ಮಗುವಿಗೆ ‘ಡೂಗ್ಲಾ’ ಅನ್ನುತ್ತಾರೆ, ಬೈಗುಳದಿಂದ ಬಂದ ಪದ. ಒಳ್ಳೆಯ ಲೇಖಕರು ತಮ್ಮ ಮನೆಯೊಳಗಿನ ಕರಿಯರ ಮೇಲಿನ ದ್ವೇಷವನ್ನೂ ಬಚ್ಚಿಡುವುದಿಲ್ಲ. ಮಗಳು ಇಷ್ಟಪಟ್ಟ ಹುಡುಗನನ್ನು ಹೊಸ್ತಿಲ ಒಳಗೆ ಬಿಡದ ಅಪ್ಪ ಎಷ್ಟೋ ಕಥೆಗಳಲ್ಲಿದ್ದಾನೆ. ನಮ್ಮ ಮನೆಗಳಲ್ಲೂ ಅವನಿದ್ದಾನೆ.

ಹೆಂಗಸರು ಬರೆದದ್ದು ಕಡಿಮೆ ಯಾಕೆ?

ತಡವಾಯಿತು, ಈಗ ಕಡಿಮೆಯಿಲ್ಲ. ಹಡಗಿನಲ್ಲಿ 100 ಗಂಡಸರಿಗೆ 40 ಹೆಂಗಸರಿರಬೇಕು ಅನ್ನುವ ನಿಯಮ ಇತ್ತು. ಹಾಗೆ ಹೋದವರಲ್ಲಿ ಒಬ್ಬಂಟಿಗರು ಬಹಳ: ವಿಧವೆಯರು, ಗಂಡ ಬಿಟ್ಟವರು, ಮನೆ ಬಿಟ್ಟವರು. ಹೆಂಗಸರು ಕಡಿಮೆ ಇದ್ದದ್ದರಿಂದ ಕೆಲವರಿಗೆ ಸ್ವಲ್ಪ ಸ್ವಾತಂತ್ರ್ಯ ಸಿಕ್ಕಿತು. ಅದೇ ಕಾರಣಕ್ಕೆ ಸಂಶಯದ ಗಂಡಸರ ಮಚ್ಚಿಗೂ ಬಲಿಯಾದರು. ಮುಂದಿನ ತಲೆಮಾರುಗಳು ಇದನ್ನು ಮುಚ್ಚಿಟ್ಟವು. ‘ನಮ್ಮ ಅಜ್ಜಿ ಗಂಡನ ಜೊತೆ ಬಂದಳು’ ಅಂತ ಹೇಳಿಕೊಂಡರು. ಟೊರಾಂಟೊ, ಲಂಡನ್‌ನಲ್ಲಿ ಬೆಳೆದ ಮೊಮ್ಮಕ್ಕಳು ಹಳೆಯ ದಾಖಲೆ ತೆಗೆದು ನೋಡಿದಾಗ ಅಜ್ಜಿಯ ಹೆಸರಿನ ಮುಂದೆ ಗಂಡನ ಹೆಸರೇ ಇರಲಿಲ್ಲ. ಇತ್ತೀಚಿನ ಎಷ್ಟೋ ಒಳ್ಳೆಯ ಕಾದಂಬರಿಗಳು ಆ ಖಾಲಿ ಜಾಗದಿಂದಲೇ ಹೊರಡುತ್ತವೆ.

ಭಾರತದಿಂದ ಬಂದ ನಾವು ಅವರ ಕಥೆಗಳಲ್ಲಿ ಹೇಗೆ ಕಾಣುತ್ತೇವೆ?

ಅಷ್ಟು ಚೆನ್ನಾಗಿ ಅಲ್ಲ. ಆಫೀಸಿನಲ್ಲಿ ‘ನಿಮಗೆ ಹಿಂದಿ ಬರಲ್ವಾ?’ ಅಂತ ಹುಬ್ಬೇರಿಸುವ ಸಹೋದ್ಯೋಗಿ. ದೇವಸ್ಥಾನದಲ್ಲಿ ಮಂತ್ರದ ಉಚ್ಚಾರ ತಿದ್ದುವ ಹೆಂಗಸು. ಸಂಬಂಧ ಬೆಳೆಸುವಾಗ ‘ಅವರು ನಿಜವಾದ ಇಂಡಿಯನ್ಸ್ ಅಲ್ಲ’ ಅನ್ನುವ ಅತ್ತೆ. ಓದಿ ನೋವಾಯಿತು, ಯಾಕೆಂದರೆ ಓನರ್ ಆಂಟಿಗೆ ನಾನು ಕೇಳಿದ ಪ್ರಶ್ನೆಯೂ ಆ ಸಾಲಿಗೇ ಸೇರಿದ್ದು.

ಯಾವ ಪುಸ್ತಕದಿಂದ ಶುರು ಮಾಡಲಿ?

ವಿ. ಎಸ್. ನೈಪಾಲ್ ಅವರ 1961ರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಬಿಡುವ ಹಾಗಿಲ್ಲ. ಮನೆ ಕಟ್ಟಿ ನೋಡು ಅನ್ನುವ ನಮ್ಮ ಗಾದೆ ಗೊತ್ತಿರುವ ಯಾರಿಗೂ ಆ ಪುಸ್ತಕ ಪರಕೀಯ ಅನ್ನಿಸದು. ದಪ್ಪ ಪುಸ್ತಕ, ನಿಧಾನವಾಗಿ ಓದಿ. ಎರಡನೇ ವಲಸೆಗೆ ರಮಾಬಾಯಿ ಎಸ್ಪಿನೆಟ್ ಅವರ 2003ರ ‘ದ ಸ್ವಿಂಗಿಂಗ್ ಬ್ರಿಡ್ಜ್’: ಕೆನಡಾದಲ್ಲಿರುವ ಟ್ರಿನಿಡಾಡ್ ಕುಟುಂಬ, ಒಬ್ಬಂಟಿಯಾಗಿ ಹಡಗು ಹತ್ತಿದ ಮುತ್ತಜ್ಜಿ. ಇಂಗ್ರಿಡ್ ಪರ್ಸಾಡ್ ಅವರ 2020ರ ‘ಲವ್ ಆಫ್ಟರ್ ಲವ್’ನಲ್ಲಿ ಟ್ರಿನಿಡಾಡಿನ ಹುಡುಗ ನ್ಯೂಯಾರ್ಕ್ ಸೇರಿ, ಕಾಗದಪತ್ರ ಇಲ್ಲದೆ ಬದುಕುತ್ತಾನೆ. ಕಾಲೇಜು ಮಕ್ಕಳಿಗೆ ನಾನು ಇದನ್ನೇ ಮೊದಲು ಕೊಡುತ್ತೇನೆ. ಹೆರಾಲ್ಡ್ ಸನ್ನಿ ಲಾಡೂ ಅವರ 1972ರ ‘ನೋ ಪೇನ್ ಲೈಕ್ ದಿಸ್ ಬಾಡಿ’ ಸಣ್ಣದು, ಆದರೆ ಮಳೆ, ಹಸಿವು, ಹೊಡೆತ ತುಂಬಿದ್ದು. ಮನಸ್ಸು ಗಟ್ಟಿ ಇರುವ ದಿನ ಓದಿ.

ನಾನೇ ಇಂಥ ನೆರೆಹೊರೆಯವರ ಬಗ್ಗೆ ಕಥೆ ಬರೆಯಬಹುದಾ?

ಬರೆಯಿರಿ. ಕ್ವೀನ್ಸ್‌ನಲ್ಲಿ, ಕೆನಡಾದ ಬ್ರಾಂಪ್ಟನ್‌ನಲ್ಲಿ ಇರುವ ಕನ್ನಡದವರಿಗೆ ಅವರು ಪಕ್ಕದ ಮನೆಯವರೇ. ಒಂದೇ ಮಾತು: ಅವರ ತಲೆಯೊಳಗೆ ಹೊಕ್ಕು ಬರೆಯುವ ಮೊದಲು, ನಿಮ್ಮ ಕಿಟಕಿಯಿಂದ ಕಂಡದ್ದನ್ನು ಬರೆಯಿರಿ. ಅವರು ಬಾಯಿಬಿಟ್ಟು ಹೇಳಿದ ಮನೆಯ ಗುಟ್ಟನ್ನು ಕೇಳದೆ ಬಳಸಬೇಡಿ. ಕನ್ನಡದಲ್ಲಿ ಬರೆದರೆ ಅವರಿಗೆ ಗೊತ್ತಾಗಲ್ಲ ಅನ್ನುವುದು ಕಾರಣವೇ ಅಲ್ಲ.

ನ್ಯೂಯಾರ್ಕಿಗೆ ಹೋದರೆ ಈ ಜಾಗಗಳನ್ನು ನೋಡಬಹುದಾ?

ಎ ಟ್ರೇನ್ ಹತ್ತಿ, ಕೊನೆಯ ಸ್ಟೇಷನ್ ಲೆಫರ್ಟ್ಸ್ ಬುಲೆವಾರ್ಡ್‌ನಲ್ಲಿ ಇಳಿಯಿರಿ. ಅದೇ ಸಾಲಿನ ಬೇರೆ ರೈಲು ರಾಕ್‌ವೇ ಕಡೆ ತಿರುಗುತ್ತದೆ, ಬೋರ್ಡ್ ನೋಡಿ ಹತ್ತಿ. ಕೆಳಗಿಳಿದರೆ ಲಿಬರ್ಟಿ ಅವೆನ್ಯೂ, ರಿಚ್‌ಮಂಡ್ ಹಿಲ್. 2021ರಲ್ಲಿ ಆ ಮೂಲೆಗೆ ‘ಲಿಟಲ್ ಗಯಾನಾ ಅವೆನ್ಯೂ’ ಅಂತಲೂ ಹೆಸರಿಟ್ಟರು. ಸೀರೆ ಅಂಗಡಿ, ರೊಟ್ಟಿ ಅಂಗಡಿ, ಬ್ಯಾರಲ್ ಕಳಿಸುವ ಅಂಗಡಿ ಒಂದರ ಪಕ್ಕ ಒಂದು. ಹೋಳಿಯ ಹೊತ್ತಿಗೆ ಹೋದರೆ ‘ಫಗ್ವಾ’ ಮೆರವಣಿಗೆ ಸಿಗುತ್ತದೆ, ಹಳೆ ಬಟ್ಟೆ ಹಾಕಿಕೊಂಡು ಹೋಗಿ.

ಧಾಲ್‌ಪುರಿ ಕೇಳಿ, ಪೆಪ್ಪರ್ ಸಾಸ್ ಸ್ವಲ್ಪವೇ ಹಾಕಿಸಿಕೊಳ್ಳಿ. ಕೌಂಟರಿನ ಆಂಟಿ ನಿಮ್ಮ ಊರು ಕೇಳಿಯೇ ಕೇಳುತ್ತಾರೆ. ನೀವೂ ಕೇಳಿ. ಬರ್ಬೀಸ್ ಅಂದರೆ, ಬರ್ಬೀಸಿನಲ್ಲಿ ಎಲ್ಲಿ ಅಂತ ಕೇಳಿ.